ಛಾವಣಿಯ ಸೌರವಿದ್ಯುತ್: ಬೀದಿಯ ತಂತಿಯ ಲೆಕ್ಕ ಯಾರದು?

ಮನೆಯ ಛಾವಣಿಯ ಮೇಲೆ ಸೌರಫಲಕಗಳನ್ನು ಹಾಕಿಸಿ, ಬಳಸಿ ಮಿಕ್ಕ ವಿದ್ಯುತ್ತನ್ನು ಗ್ರಿಡ್‌ಗೆ ಕೊಡುವುದು ಇಂದು ಹೊಸ ಸುದ್ದಿಯೇನಲ್ಲ. 2024ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರವು ಒಂದು ಕೋಟಿ ಮನೆಗಳನ್ನು ಗುರಿಯಾಗಿಟ್ಟುಕೊಂಡು 75,021 ಕೋಟಿ ರೂಪಾಯಿ ವೆಚ್ಚದ 'ಪಿಎಂ ಸೂರ್ಯಘರ್' ಯೋಜನೆಯನ್ನು ಆರಂಭಿಸಿತು. 3 ಕಿಲೋವ್ಯಾಟ್ ಅಥವಾ ಅದಕ್ಕೂ ದೊಡ್ಡ ಘಟಕಕ್ಕೆ 78,000 ರೂಪಾಯಿ ಸಹಾಯಧನ ನಿಗದಿಯಾಯಿತು. ಅದೇ ತಿಂಗಳು ವಿದ್ಯುತ್ ಗ್ರಾಹಕರ ಹಕ್ಕುಗಳ ನಿಯಮಗಳಿಗೆ ಒಂದು ತಿದ್ದುಪಡಿಯೂ ಬಂದಿತು. ಅದರ ಪ್ರಕಾರ 10 ಕಿಲೋವ್ಯಾಟ್‌ವರೆಗಿನ ಛಾವಣಿ ಘಟಕದ ಅರ್ಜಿಯು ಎಲ್ಲ ವಿವರಗಳೊಂದಿಗೆ ಸಲ್ಲಿಕೆಯಾದರೆ ಸಾಕು, ತಾಂತ್ರಿಕ ಕಾರ್ಯಸಾಧ್ಯತೆಯ ಅಧ್ಯಯನವಿಲ್ಲದೆಯೇ ಅಂಗೀಕಾರವಾದಂತೆ. 5 ಕಿಲೋವ್ಯಾಟ್‌ವರೆಗಿನ ಘಟಕಗಳಿಗಾಗಿ ವಿತರಣಾ ಜಾಲವನ್ನು ಬಲಪಡಿಸಬೇಕಾಗಿ ಬಂದರೆ ಆ ಖರ್ಚು ವಿದ್ಯುತ್ ಸರಬರಾಜು ಸಂಸ್ಥೆಯದು.

ಸಹಾಯಧನದ ಬಗ್ಗೆ ಪತ್ರಿಕೆಗಳಲ್ಲಿ ಬೇಕಾದಷ್ಟು ಚರ್ಚೆ ನಡೆದಿದೆ. ಈ ತಿದ್ದುಪಡಿಯ ಬಗ್ಗೆ ನಡೆದದ್ದು ಕಡಿಮೆ. ಭೌತವಿಜ್ಞಾನದ ದೃಷ್ಟಿಯಿಂದ ನೋಡಿದರೆ ಹೆಚ್ಚು ವಿಚಾರ ಮಾಡಬೇಕಾದದ್ದು ಇದೇ. ಆದ್ದರಿಂದ ಅದರ ಗುಣದೋಷಗಳನ್ನು ಇಲ್ಲಿ ಪರಿಶೀಲಿಸೋಣ.

ಮೊದಲು ಗುಣವನ್ನು ಹೇಳಬೇಕು. ಅಧ್ಯಯನದ ಹೆಸರಿನಲ್ಲಿ ಅರ್ಜಿಗಳು ವಾರಗಟ್ಟಲೆ ಕಡತದಲ್ಲಿ ಕುಳಿತಿರುತ್ತಿದ್ದುದು ಯಾರಿಗೂ ತಿಳಿಯದ ಸಂಗತಿಯಲ್ಲ. 3 ಕಿಲೋವ್ಯಾಟ್‌ನ ಸಣ್ಣ ಘಟಕಕ್ಕೂ ದೊಡ್ಡ ಕಾರ್ಖಾನೆಯ ಕ್ರಮವನ್ನೇ ಅನುಸರಿಸುವುದು ಅನ್ಯಾಯವೇ. ಆ ತೊಡಕನ್ನು ತೆಗೆದುಹಾಕಿದ್ದು ಸರಿ. ಆದರೆ ತೊಡಕಿನ ಜೊತೆಗೆ ಅದರ ಹಿಂದಿದ್ದ ಪ್ರಶ್ನೆಯನ್ನೂ ತೆಗೆದುಹಾಕಲಾಯಿತೇ ಎಂಬುದು ನನ್ನ ಸಂಶಯ. "ಈ ಬೀದಿಯ ತಂತಿ ಇನ್ನೆಷ್ಟು ವಿದ್ಯುತ್ತನ್ನು ಹಿಂದಕ್ಕೆ ಒಯ್ಯಬಲ್ಲದು?" ಎಂಬುದೇ ಆ ಪ್ರಶ್ನೆ.

ಅಮೃತಹಳ್ಳಿಯ ಒಂದು ಪ್ರಶ್ನೆ

ನಾನು ವಾಸವಾಗಿರುವ ಅಮೃತಹಳ್ಳಿ ಹೆಬ್ಬಾಳ ಮತ್ತು ಯಲಹಂಕಗಳ ನಡುವಿನ, ಕೆರೆಯೊಂದನ್ನು ಆತುಕೊಂಡು ಬೆಳೆದ ಹಳ್ಳಿ. ಇಂದು ಅದು ಬೆಂಗಳೂರಿನ ಒಳಗೇ ಸೇರಿಹೋಗಿದೆ. ಮೂವತ್ತು-ನಲವತ್ತು ಅಡಿಗಳ ನಿವೇಶನಗಳಲ್ಲಿ ಮೂರು ಮಹಡಿ ಎದ್ದಿವೆ. ಬೀದಿಯ ಒಂದು ತುದಿಯಲ್ಲಿ ಟ್ರಾನ್ಸ್‌ಫಾರ್ಮರ್. ಅಲ್ಲಿಂದ ಕಂಬದಿಂದ ಕಂಬಕ್ಕೆ ಹೊರಟ ತಂತಿ ಕೊನೆಯ ಮನೆಯವರೆಗೆ ಹೋಗುತ್ತದೆ. ಹಗಲಿನಲ್ಲಿ ಮನೆಯವರೆಲ್ಲ ಕೆಲಸಕ್ಕೆ, ಮಕ್ಕಳು ಶಾಲೆಗೆ ಹೋಗಿರುತ್ತಾರೆ. ವಿದ್ಯುತ್ ಬಳಕೆ ಹೆಚ್ಚುವುದು ಸಂಜೆ ಏಳರ ಮೇಲೆ. ಬೆಂಗಳೂರಿನ ಯಾವ ಬಡಾವಣೆಗಾದರೂ ಈ ವರ್ಣನೆ ಹೊಂದುತ್ತದೆ.

ಬೀದಿಯ ಕೊನೆಯಲ್ಲಿರುವ ಹಿರಿಯರೊಬ್ಬರು ಒಮ್ಮೆ ಕೇಳಿದರು: "ಬೆಳಿಗ್ಗೆ ಚೆನ್ನಾಗಿ ನಡೆಯುವ ನಮ್ಮ ಇನ್ವರ್ಟರ್ ಬಿಸಿಲು ಜೋರಾದಾಗಲೇ ನಿಂತುಬಿಡುತ್ತದೆ. ಮೋಡ ಬಂದರೆ ಮತ್ತೆ ಶುರುವಾಗುತ್ತದೆ. ಇದೆಂಥ ಸೌರವಿದ್ಯುತ್ತು?" ಫಲಕ ಹಾಕಿಸಿದವರು ಯಂತ್ರದಲ್ಲಿ ದೋಷವಿಲ್ಲ ಎಂದಿದ್ದರಂತೆ. ಅವರು ಹೇಳಿದ್ದು ನಿಜ. ಇನ್ವರ್ಟರ್ ನಿಯಮಕ್ಕೆ ಸರಿಯಾಗಿಯೇ ನಡೆದುಕೊಳ್ಳುತ್ತಿತ್ತು. ತಪ್ಪಿದ್ದದ್ದು ಬೇರೆ ಕಡೆ. ಅದನ್ನು ತಿಳಿಯಲು ಓಮ್‌ನ ನಿಯಮ ಸಾಕು.

ತಂತಿಯ ಲೆಕ್ಕ

ವಿದ್ಯುತ್ ಪ್ರವಾಹ ಯಾವಾಗಲೂ ಹೆಚ್ಚಿನ ವೋಲ್ಟೇಜಿನ ಕಡೆಯಿಂದ ಕಡಿಮೆಯ ಕಡೆಗೆ ಹರಿಯುತ್ತದೆ ಎಂದು ಶಾಲೆಯಲ್ಲಿ ಕಲಿತಿದ್ದೇವೆ. ಪರ್ಯಾಯ ವಿದ್ಯುತ್ತಿನಲ್ಲಿ ವಿಷಯ ಸ್ವಲ್ಪ ಜಟಿಲ, ಆದರೂ ಬೀದಿಯ ತಂತಿಯಂಥ ರೋಧವೇ ಪ್ರಧಾನವಾದ ಕಡೆ ಈ ಚಿತ್ರ ಹೆಚ್ಚುಕಡಿಮೆ ಸರಿಯೇ. ಸಂಜೆ ಟ್ರಾನ್ಸ್‌ಫಾರ್ಮರ್‌ನಿಂದ ಮನೆಗಳ ಕಡೆಗೆ ವಿದ್ಯುತ್ ಹರಿಯುವಾಗ ಕೊನೆಯ ಮನೆಯಲ್ಲಿ ವೋಲ್ಟೇಜ್ ತಗ್ಗಿರುತ್ತದೆ. ಬಲ್ಬು ಮಂಕಾಗುವುದು ಇದರಿಂದಲೇ. ನಡುಹಗಲಿನಲ್ಲಿ ಛಾವಣಿಗಳಿಂದ ಟ್ರಾನ್ಸ್‌ಫಾರ್ಮರ್ ಕಡೆಗೆ ವಿದ್ಯುತ್ ಹರಿಯಬೇಕಾದರೆ ಕೊನೆಯ ಮನೆಯ ವೋಲ್ಟೇಜ್ ಟ್ರಾನ್ಸ್‌ಫಾರ್ಮರ್‌ನದಕ್ಕಿಂತ ಏರಲೇಬೇಕು. ಬೇರೆ ದಾರಿಯೇ ಇಲ್ಲ.

ಎಷ್ಟು ಏರುತ್ತದೆ? ಒಂದು ಉದಾಹರಣೆ ತೆಗೆದುಕೊಳ್ಳೋಣ. 300 ಮೀಟರ್ ಉದ್ದದ ತಂತಿ, ಕಿಲೋಮೀಟರಿಗೆ 0.55 ಓಮ್ ರೋಧ. ಹಾಗಾದರೆ ಒಂದು ತಂತಿಯ ರೋಧ 0.165 ಓಮ್. ಬೀದಿಯುದ್ದಕ್ಕೂ ಸಮನಾಗಿ ಹಂಚಿದಂತೆ ಒಂಬತ್ತು ಮನೆಗಳಲ್ಲಿ ತಲಾ 3 ಕಿಲೋವ್ಯಾಟ್‌ನ ಸಿಂಗಲ್ ಫೇಸ್ ಘಟಕಗಳಿವೆ ಎಂದುಕೊಳ್ಳಿ. 230 ವೋಲ್ಟ್‌ನಲ್ಲಿ ಒಂದೊಂದು ಘಟಕ ಸುಮಾರು 13 ಆಂಪಿಯರ್ ಕೊಡುತ್ತದೆ, ಒಟ್ಟು 117 ಆಂಪಿಯರ್.

ಮೊದಲ ಸಂದರ್ಭ: ಒಂಬತ್ತೂ ಮನೆಗಳು ಒಂದೇ ಫೇಸ್‌ನಲ್ಲಿವೆ. ಪ್ರವಾಹ ಫೇಸ್ ತಂತಿಯಲ್ಲಿ ಹೋಗಿ ನ್ಯೂಟ್ರಲ್ ತಂತಿಯಲ್ಲಿ ಮರಳಬೇಕು. ಎರಡೂ ಒಂದೇ ದಪ್ಪದವಾದರೆ ಒಟ್ಟು ರೋಧ 0.33 ಓಮ್. 117 ಆಂಪಿಯರ್ ಪೂರ್ತಿ ಕೊನೆಯಿಂದಲೇ ಹರಿದಿದ್ದರೆ ಏರಿಕೆ 38 ವೋಲ್ಟ್ ದಾಟುತ್ತಿತ್ತು. ಮನೆಗಳು ಉದ್ದಕ್ಕೂ ಹಂಚಿರುವುದರಿಂದ ಸುಮಾರು ಅರ್ಧ, ಅಂದರೆ 19 ವೋಲ್ಟ್.

ಎರಡನೆಯ ಸಂದರ್ಭ: ಅದೇ ಒಂಬತ್ತು ಮನೆಗಳು, ಅದೇ ಫಲಕಗಳು, ಅದೇ ತಂತಿ. ಆದರೆ ಮೂರು ಮೂರು ಮನೆಗಳು ಒಂದೊಂದು ಫೇಸ್‌ನಲ್ಲಿ ಹಂಚಿವೆ. ಈಗ ಪ್ರತಿ ಫೇಸ್‌ನಲ್ಲಿ 39 ಆಂಪಿಯರ್. ಮೂರು ಫೇಸ್‌ಗಳ ಪ್ರವಾಹಗಳು ನ್ಯೂಟ್ರಲ್‌ನಲ್ಲಿ ಒಂದನ್ನೊಂದು ರದ್ದು ಮಾಡುವುದರಿಂದ ಮರಳಿ ಬರುವ ದಾರಿಯ ರೋಧ ಲೆಕ್ಕಕ್ಕೆ ಬರುವುದಿಲ್ಲ. ಏರಿಕೆ ಕೇವಲ 3 ವೋಲ್ಟ್ ಚಿಲ್ಲರೆ.

ಪ್ರವಾಹ ಮೂರನೆಯ ಒಂದು ಪಾಲಾಯಿತು, ರೋಧ ಅರ್ಧವಾಯಿತು. ಹೀಗಾಗಿ ಏರಿಕೆ ಆರನೆಯ ಒಂದು ಪಾಲಾಯಿತು. ಒಂದು ರೂಪಾಯಿಯೂ ಹೆಚ್ಚು ಖರ್ಚಿಲ್ಲದೆ, ಕಂಬದ ಮೇಲಿನ ಸಂಪರ್ಕವನ್ನು ಯಾವ ತಂತಿಗೆ ಕೊಟ್ಟರು ಎಂಬುದೊಂದರಿಂದ ಇಷ್ಟು ವ್ಯತ್ಯಾಸ! ಆ ಮನೆಗಳ ಹಗಲಿನ ಸ್ವಂತ ಬಳಕೆಯನ್ನು ಕಳೆದರೆ ಎರಡೂ ಅಂಕಿಗಳು ತುಸು ತಗ್ಗುತ್ತವೆ. ಅವುಗಳ ನಡುವಿನ ಅಂತರ ಉಳಿಯುತ್ತದೆ.

250ರಿಂದ ಆರಂಭ

ಈ 19 ವೋಲ್ಟ್ ಏರಿಕೆ ಯಾವುದರ ಮೇಲೆ ಕೂಡುತ್ತದೆ ಎಂಬುದನ್ನೂ ನೋಡಬೇಕು. ನಮ್ಮ ಬೀದಿಯ ಟ್ರಾನ್ಸ್‌ಫಾರ್ಮರ್‌ಗಳ ಫಲಕದ ಮೇಲೆ 11,000/433 ವೋಲ್ಟ್ ಎಂದು ಬರೆದಿರುವುದನ್ನು ಓದುಗರು ಗಮನಿಸಿರಬಹುದು. 433 ಎಂಬುದು ಎರಡು ಫೇಸ್‌ಗಳ ನಡುವಿನ ವೋಲ್ಟೇಜ್. ಅದನ್ನು ಮೂರರ ವರ್ಗಮೂಲದಿಂದ ಭಾಗಿಸಿದರೆ ಫೇಸ್ ಮತ್ತು ನ್ಯೂಟ್ರಲ್ ನಡುವೆ 250 ವೋಲ್ಟ್ ಬರುತ್ತದೆ. ಹೊರೆಯಿಲ್ಲದಾಗ ಟ್ರಾನ್ಸ್‌ಫಾರ್ಮರ್ ಕೊಡುವುದು ಇಷ್ಟು. ಹಿಂದಿನ ಎಂಜಿನಿಯರುಗಳು ಇದನ್ನು ತಪ್ಪಿ ಮಾಡಲಿಲ್ಲ. ವಿದ್ಯುತ್ ಒಂದೇ ದಿಕ್ಕಿಗೆ ಹರಿಯುತ್ತದೆ, ದಾರಿಯಲ್ಲಿ ವೋಲ್ಟೇಜ್ ಇಳಿಯುತ್ತದೆ, ಕೊನೆಯ ಮನೆಗೂ ಸಾಕಷ್ಟು ತಲುಪಲಿ ಎಂದು ಮೊದಲೇ ಸ್ವಲ್ಪ ಹೆಚ್ಚಿಗೆ ಇಟ್ಟರು. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಹರಿದಾಗಲೂ, 1905ರಲ್ಲಿ ಬೆಂಗಳೂರಿನ ಬೀದಿಗಳಲ್ಲಿ ದೀಪ ಹತ್ತಿದಾಗಲೂ ದಿಕ್ಕು ಒಂದೇ ಇತ್ತು: ಉತ್ಪಾದನಾ ಕೇಂದ್ರದಿಂದ ಬಳಕೆದಾರನ ಕಡೆಗೆ. ಆ ಕಾಲದಲ್ಲಿ ಈ ಏರ್ಪಾಡು ವಿವೇಕದ್ದಾಗಿತ್ತು.

ಈಗ ನಡುಹಗಲಿನಲ್ಲಿ ಬೀದಿಯ ಹೊರೆ ಕಡಿಮೆ. ಟ್ರಾನ್ಸ್‌ಫಾರ್ಮರ್ ಬಳಿ 245 ವೋಲ್ಟ್ ಇದೆ ಎಂದುಕೊಳ್ಳಿ. ಅದಕ್ಕೆ 19 ಕೂಡಿದರೆ ಕೊನೆಯ ಮನೆಯಲ್ಲಿ 264. ಇತ್ತ ಕೇಂದ್ರೀಯ ವಿದ್ಯುತ್ ಪ್ರಾಧಿಕಾರದ 2013ರ ನಿಯಮಗಳ ಪ್ರಕಾರ, ವೋಲ್ಟೇಜ್ ನಿಗದಿತ ಮೌಲ್ಯದ ಶೇಕಡಾ 110 ದಾಟಿದರೆ ಸಣ್ಣ ಘಟಕವು ಎರಡು ಸೆಕೆಂಡ್‌ಗಳೊಳಗೆ ಗ್ರಿಡ್‌ನಿಂದ ಕಳಚಿಕೊಳ್ಳಬೇಕು. 230 ವೋಲ್ಟ್‌ಗೆ ಹೊಂದಿಸಿದ ಇನ್ವರ್ಟರ್‌ನಲ್ಲಿ ಈ ಮಿತಿ 253. ಹಿರಿಯರ ಇನ್ವರ್ಟರ್ ಬಿಸಿಲೇರಿದಾಗ ನಿಲ್ಲುತ್ತಿದ್ದುದರ ಗುಟ್ಟು ಇದು. ಮೂರು ಫೇಸ್‌ಗಳಲ್ಲಿ ಸಮನಾಗಿ ಹಂಚಿದ್ದರೆ 248ಕ್ಕೆ ನಿಂತು, ಎಲ್ಲರ ಘಟಕಗಳೂ ನಡೆಯುತ್ತಿದ್ದವು.

ಇಲ್ಲೊಂದು ನ್ಯಾಯದ ಪ್ರಶ್ನೆಯೂ ಇದೆ. ಟ್ರಾನ್ಸ್‌ಫಾರ್ಮರ್ ಪಕ್ಕದ ಮನೆಯಲ್ಲಿ ವೋಲ್ಟೇಜ್ ಹೆಚ್ಚು ಏರುವುದಿಲ್ಲ. ಮೊದಲು ಕಳಚಿಕೊಳ್ಳುವುದು ಕೊನೆಯ ಮನೆ. ಅದು ಕಳಚಿದೊಡನೆ ಉಳಿದವರ ವೋಲ್ಟೇಜ್ ಇಳಿದು ಅವರ ಘಟಕಗಳು ನಿರಾತಂಕವಾಗಿ ನಡೆಯುತ್ತವೆ. ಬೆಂಗಳೂರಿನಲ್ಲಿ 3 ಕಿಲೋವ್ಯಾಟ್ ಘಟಕ ದಿನಕ್ಕೆ ಸುಮಾರು 12 ಯೂನಿಟ್ ಕೊಡುತ್ತದೆ ಎಂಬುದು ಸ್ಥೂಲ ಲೆಕ್ಕ. ನಡುಹಗಲಿನ ಮೂರು ಗಂಟೆ ನಿಂತರೆ ಅದರಲ್ಲಿ ಅರ್ಧದಷ್ಟು ಹೋದಂತೆ. ಎಲ್ಲರೂ ಕೊಟ್ಟ ಬೆಲೆ ಒಂದೇ, ಪಡೆದ ಸಹಾಯಧನ ಒಂದೇ; ನಷ್ಟ ಮಾತ್ರ ಬೀದಿಯ ಕೊನೆಯವರಿಗೆ. ಸಂಜೆ ಬಲ್ಬು ಮಂಕಾಗುತ್ತಿದ್ದುದೂ ಅವರ ಮನೆಯಲ್ಲೇ ಎಂಬುದನ್ನು ಮರೆಯಬಾರದು.

ಟ್ರಾನ್ಸ್‌ಫಾರ್ಮರ್ ನೋಡಿದರೆ ಸಾಲದು

ಟ್ರಾನ್ಸ್‌ಫಾರ್ಮರ್ ಸಾಮರ್ಥ್ಯದ ಇಂತಿಷ್ಟು ಪಾಲಿಗಿಂತ ಹೆಚ್ಚು ಸೌರ ಘಟಕಗಳಿಗೆ ಸಂಪರ್ಕ ಕೊಡದಿದ್ದರೆ ಆಯಿತಲ್ಲ ಎಂದು ಕೆಲವರು ಹೇಳಬಹುದು. ಆದರೆ ಮೇಲಿನ ಉದಾಹರಣೆಯನ್ನು ಮತ್ತೊಮ್ಮೆ ನೋಡಿ. ಒಂಬತ್ತು ಮನೆಗಳ ಒಟ್ಟು ಸಾಮರ್ಥ್ಯ 27 ಕಿಲೋವ್ಯಾಟ್. 100 ಕೆವಿಎ ಟ್ರಾನ್ಸ್‌ಫಾರ್ಮರ್‌ಗೆ ಅದು ಕಾಲು ಪಾಲಿಗಿಂತ ತುಸು ಹೆಚ್ಚು ಅಷ್ಟೆ. ಟ್ರಾನ್ಸ್‌ಫಾರ್ಮರ್ ಮಟ್ಟದ ಪರೀಕ್ಷೆಯಲ್ಲಿ ಈ ಬೀದಿ ಸುಲಭವಾಗಿ ತೇರ್ಗಡೆಯಾಗುತ್ತದೆ, ಆದರೂ ಕೊನೆಯ ಮನೆಯಲ್ಲಿ 264 ವೋಲ್ಟ್. ಎಷ್ಟು ಕಿಲೋವ್ಯಾಟ್ ಎಂಬುದರ ಜೊತೆಗೆ ಎಷ್ಟು ದೂರ, ಎಷ್ಟು ದಪ್ಪದ ತಂತಿ, ಯಾವ ಫೇಸ್ ಎಂಬ ಮೂರು ಪ್ರಶ್ನೆಗಳಿಗೂ ಉತ್ತರ ಬೇಕು.

ನಮ್ಮ ಸಾರ್ವಜನಿಕ ಚರ್ಚೆಯಲ್ಲಿ ಈ ಪ್ರಶ್ನೆಗಳಿಗೆ ಎಂದೂ ಜಾಗ ಸಿಕ್ಕಿಲ್ಲ. ಕರ್ನಾಟಕದಲ್ಲಿ ಛಾವಣಿ ವಿದ್ಯುತ್ತಿನ ದರವನ್ನು ವಿದ್ಯುತ್ ನಿಯಂತ್ರಣ ಆಯೋಗವು 2013ರಲ್ಲಿ, ಸಹಾಯಧನ ಪಡೆಯದ ಘಟಕಗಳಿಗೆ, ಯೂನಿಟ್‌ಗೆ 9.56 ರೂಪಾಯಿ ಎಂದು ನಿಗದಿ ಮಾಡಿತು. 2016ರಲ್ಲಿ 10 ಕಿಲೋವ್ಯಾಟ್‌ವರೆಗಿನ ಇಂಥ ಘಟಕಗಳಿಗೆ ಅದನ್ನು 7.08 ರೂಪಾಯಿಗೆ ಇಳಿಸಿತು. ಈ ಇಳಿಕೆಯ ಬಗ್ಗೆ ವಾದವಿವಾದ ಬೇಕಾದಷ್ಟು ನಡೆಯಿತು. ಪೈಸೆಯ ಲೆಕ್ಕ ಎಲ್ಲರಿಗೂ ಅರ್ಥವಾಗುತ್ತದೆ. ವೋಲ್ಟ್‌ನ ಲೆಕ್ಕವನ್ನು ಯಾರೂ ಕೇಳುವುದಿಲ್ಲ. ಆದರೆ ಇನ್ವರ್ಟರ್ ನಿಂತಿರುವಾಗ ಯೂನಿಟ್‌ಗೆ ಎಷ್ಟು ದರವಿದ್ದರೂ ಕೈಗೆ ಬರುವುದು ಸೊನ್ನೆಯೇ.

ಪಾವಗಡಕ್ಕೊಂದು ಕಣ್ಣು, ಬೀದಿಗೊಂದು ಕಣ್ಣು

ದೊಡ್ಡ ಯೋಜನೆಗಳ ವಿಷಯದಲ್ಲಿ ನಮ್ಮ ರಾಜ್ಯ ಹಿಂದೆ ಬಿದ್ದಿಲ್ಲ. ತುಮಕೂರು ಜಿಲ್ಲೆಯ ಪಾವಗಡದಲ್ಲಿ ಸುಮಾರು 13,000 ಎಕರೆಯಲ್ಲಿ ಹರಡಿರುವ 2,050 ಮೆಗಾವ್ಯಾಟ್‌ನ ಸೌರ ಉದ್ಯಾನಕ್ಕೆ ಪ್ರತ್ಯೇಕ ಉಪಕೇಂದ್ರಗಳನ್ನೂ ಅಧಿಕ ವೋಲ್ಟೇಜಿನ ಮಾರ್ಗಗಳನ್ನೂ ಯೋಜಿಸಿ ನಿರ್ಮಿಸಲಾಯಿತು. ಗಾಳಿ ಮತ್ತು ಸೌರ ವಿದ್ಯುತ್ತಿನ ಮುನ್ನಂದಾಜಿಗೆ ರಾಜ್ಯದ ಆಯೋಗ 2015ರಷ್ಟು ಹಿಂದೆಯೇ ನಿಯಮ ಮಾಡಿತು. ಅದರಂತೆ 5 ಮೆಗಾವ್ಯಾಟ್ ಮೀರಿದ ಸೌರ ಘಟಕಗಳು ಹದಿನೈದು ನಿಮಿಷಗಳ ಒಂದೊಂದು ಅವಧಿಗೂ ತಾವು ಎಷ್ಟು ಕೊಡುತ್ತೇವೆಂದು ಮುಂಚಿತವಾಗಿ ತಿಳಿಸಬೇಕು. ಅಂದಾಜು ಶೇಕಡಾ 15ಕ್ಕಿಂತ ಹೆಚ್ಚು ತಪ್ಪಿದರೆ ದಂಡ ತೆರಬೇಕು. ಇದು ಶ್ಲಾಘನೀಯ ಕ್ರಮ.

ಆದರೆ ದೊಡ್ಡ ಘಟಕದ ಸಮಸ್ಯೆಯೂ ಬೀದಿಯ ಸಮಸ್ಯೆಯೂ ಒಂದೇ ಜಾತಿಯವಲ್ಲ. 2013ರ ಡಿಸೆಂಬರ್ 31ರಂದು ರಾಯಚೂರು-ಸೋಲಾಪುರ ಮಾರ್ಗದ ಮೂಲಕ ದಕ್ಷಿಣದ ಗ್ರಿಡ್ ದೇಶದ ಉಳಿದ ಗ್ರಿಡ್‌ನೊಂದಿಗೆ ಸೇರಿದ ಮೇಲೆ ಕಾಶ್ಮೀರದಿಂದ ಕನ್ಯಾಕುಮಾರಿಯವರೆಗೆ ಆವರ್ತನ ಒಂದೇ. ಪಾವಗಡದ ಮೇಲೆ ಮೋಡ ಕವಿದರೆ ಆಗುವ ಕೊರತೆಯನ್ನು ಎಲ್ಲೋ ದೂರದ ಜಲವಿದ್ಯುತ್ ಕೇಂದ್ರವೊಂದು ತುಂಬಿಕೊಡಬಹುದು. ವೋಲ್ಟೇಜ್ ಹಾಗಲ್ಲ. ಅಮೃತಹಳ್ಳಿಯ ಒಂದು ಬೀದಿಯ ವೋಲ್ಟೇಜನ್ನು ಶರಾವತಿಯಲ್ಲಿ ಕುಳಿತು ಸರಿಪಡಿಸಲಾಗುವುದಿಲ್ಲ. ಆವರ್ತನ ಇಡೀ ದೇಶದ್ದು, ವೋಲ್ಟೇಜ್ ಆಯಾ ಬೀದಿಯದು. ಮೊದಲನೆಯದಕ್ಕೆ ನಿಯಂತ್ರಣ ಕೇಂದ್ರಗಳಿವೆ, ಎರಡನೆಯದನ್ನು ನೋಡುವವರು ಯಾರು?

ಸಣ್ಣದು ಎಂಬ ಕಾರಣಕ್ಕೆ ಬಿಟ್ಟುಬಿಟ್ಟರೆ ಏನಾಗುತ್ತದೆ ಎಂಬುದಕ್ಕೆ ಜರ್ಮನಿಯ ನಿದರ್ಶನವಿದೆ. ಅಲ್ಲಿ ಆವರ್ತನ 50.2 ಹರ್ಟ್ಸ್ ಮುಟ್ಟಿದ ಕೂಡಲೇ ಕಳಚಿಕೊಳ್ಳುವಂತೆ ಸೌರ ಇನ್ವರ್ಟರ್‌ಗಳನ್ನು ಹೊಂದಿಸಲಾಗಿತ್ತು. ಒಂದೊಂದು ಘಟಕಕ್ಕೆ ಅದು ಸುರಕ್ಷಿತ ನಿಯಮವೇ. ಆದರೆ ಲಕ್ಷಾಂತರ ಘಟಕಗಳು ಒಂದೇ ಕ್ಷಣದಲ್ಲಿ ಕಳಚಿಕೊಂಡರೆ ಇಡೀ ಯುರೋಪಿನ ಗ್ರಿಡ್ ಅಲುಗಾಡಬಹುದೆಂದು ತಡವಾಗಿ ಅರಿವಾಯಿತು. 2012ರಲ್ಲಿ ಹೊಸ ನಿಯಮ ತಂದು, 3 ಲಕ್ಷಕ್ಕೂ ಹೆಚ್ಚು ಹಳೆಯ ಘಟಕಗಳನ್ನು ಮಾರ್ಪಡಿಸುವ ಕೆಲಸಕ್ಕೆ ಕೈಹಾಕಬೇಕಾಯಿತು. ನಮ್ಮಲ್ಲಿ ಒಂದು ಸಾವಿರ ಮನೆಗಳ 3 ಕಿಲೋವ್ಯಾಟ್ ಘಟಕಗಳನ್ನು ಕೂಡಿಸಿದರೆ 3 ಮೆಗಾವ್ಯಾಟ್. ರಾಜ್ಯದ ಮೊದಲ ದೊಡ್ಡ ಸೌರ ಘಟಕಗಳಲ್ಲೊಂದಾದ ಕೋಲಾರ ಜಿಲ್ಲೆಯ ಯಳೇಸಂದ್ರದ ಸಾಮರ್ಥ್ಯವೂ ಅಷ್ಟೇ. ಆ ಘಟಕವನ್ನು ಯಾರೂ ಲೆಕ್ಕವಿಲ್ಲದೆ ಗ್ರಿಡ್‌ಗೆ ಜೋಡಿಸಲಿಲ್ಲ.

ಸಮೂಹವಾಗಿ ಯೋಚಿಸಿದ ಉದಾಹರಣೆಯೂ ನಮ್ಮಲ್ಲೇ ಇದೆ. 2014ರಲ್ಲಿ ಘೋಷಣೆಯಾದ 'ಸೂರ್ಯರೈತ' ಯೋಜನೆಯಡಿ ಕನಕಪುರ ತಾಲ್ಲೂಕಿನ ಹಾರೋಬೆಲೆಯಲ್ಲಿ ಸುಮಾರು 300 ನೀರಾವರಿ ಪಂಪ್‌ಸೆಟ್‌ಗಳಿಗೆ ಗ್ರಿಡ್ ಸಂಪರ್ಕಿತ ಸೌರಫಲಕ ಅಳವಡಿಸುವ ಪ್ರಯೋಗಕ್ಕೆ ಒಂದು ಪ್ರದೇಶವನ್ನೇ ಆರಿಸಿಕೊಳ್ಳಲಾಯಿತು. ಆ ಯೋಜನೆಯ ಒಟ್ಟು ಸಾಧನೆಯನ್ನು ನಾನಿಲ್ಲಿ ತೂಗುತ್ತಿಲ್ಲ. ಬಿಡಿ ಅರ್ಜಿಗಳನ್ನು ನೋಡದೆ ಒಂದು ಊರಿನ ಪಂಪ್‌ಸೆಟ್‌ಗಳನ್ನೆಲ್ಲ ಒಟ್ಟಾಗಿ ಪರಿಗಣಿಸಿದ ಆ ದೃಷ್ಟಿ ನಗರದ ಬೀದಿಗಳಿಗೂ ಬೇಕು ಎಂಬುದಷ್ಟೇ ನನ್ನ ಮಾತು.

ಮಿತಿಯನ್ನು ಸಡಿಲಿಸಿದರಾಗದೇ?

ಇನ್ವರ್ಟರ್ ಪದೇಪದೇ ನಿಂತಾಗ ಅದರ ವೋಲ್ಟೇಜ್ ಮಿತಿಯನ್ನು 265 ಅಥವಾ 270ಕ್ಕೆ ಏರಿಸಿ ಸಮಸ್ಯೆ ಪರಿಹರಿಸಿದೆವು ಎಂದುಕೊಳ್ಳುವವರಿದ್ದಾರೆ. ಜ್ವರ ಬಂದಾಗ ಉಷ್ಣಮಾಪಕದ ಗೆರೆ ಬದಲಾಯಿಸಿದಂತೆ ಇದು. ವೋಲ್ಟೇಜ್ ಆ ಮನೆಯೊಳಗಷ್ಟೇ ಏರಿರುವುದಿಲ್ಲ. ಫಲಕವೇ ಇಲ್ಲದ ಪಕ್ಕದ ಮನೆಯ ಫ್ರಿಜ್, ಟಿ.ವಿ., ಬಲ್ಬುಗಳೂ ಅದನ್ನೇ ಉಣ್ಣುತ್ತವೆ. ಆ ಮನೆಯವರಿಗೆ ಕಾರಣವೂ ತಿಳಿಯುವುದಿಲ್ಲ.

ಕಳಚಿಕೊಳ್ಳುವ ನಿಯಮದ ಹಿಂದೆ ಇನ್ನೊಂದು ಗಂಭೀರ ಉದ್ದೇಶವಿದೆ. ಸರಬರಾಜು ನಿಂತಾಗಲೂ ಛಾವಣಿಯ ಘಟಕ ತಂತಿಗೆ ವಿದ್ಯುತ್ ಊಡುತ್ತಲೇ ಇದ್ದರೆ, ಲೈನ್ ಸತ್ತಿದೆ ಎಂದು ನಂಬಿ ಕಂಬ ಹತ್ತಿದ ಲೈನ್‌ಮನ್ ಪ್ರಾಣಕ್ಕೆ ಅಪಾಯ. ಆದ್ದರಿಂದಲೇ ವಿದ್ಯುತ್ ಹೋದ ಕೂಡಲೇ ಗ್ರಿಡ್ ಸಂಪರ್ಕಿತ ಇನ್ವರ್ಟರ್ ತಾನೂ ನಿಲ್ಲಬೇಕು. ಬಿಸಿಲಿದ್ದೂ ಮನೆಯಲ್ಲಿ ವಿದ್ಯುತ್ ಇಲ್ಲವಲ್ಲ ಎಂದು ಬೇಸರಿಸುವವರು ಕಂಬದ ಮೇಲಿನ ಮನುಷ್ಯನನ್ನು ನೆನೆಯಬೇಕು. ಇನ್ವರ್ಟರ್‌ನ ರಕ್ಷಣಾ ಮಿತಿಗಳನ್ನು ಮುಟ್ಟುವ ಅಭ್ಯಾಸ ಒಮ್ಮೆ ಬೆಳೆದರೆ ಅದು ಎಲ್ಲಿಗೆ ನಿಲ್ಲುತ್ತದೆ ಎಂದು ಹೇಳಲಾಗದು.

ಏನು ಮಾಡಬಹುದು?

ಹಳೆಯ ಅಧ್ಯಯನದ ವಿಳಂಬವನ್ನು ಮರಳಿ ತನ್ನಿ ಎಂದು ನಾನು ಹೇಳುತ್ತಿಲ್ಲ. 10 ಕಿಲೋವ್ಯಾಟ್‌ವರೆಗಿನ ಅರ್ಜಿಗೆ ತಕ್ಷಣ ಒಪ್ಪಿಗೆ ಸಿಗಲಿ. ಆದರೆ ಒಪ್ಪಿಗೆಯ ಜೊತೆಗೆ ಕೆಲವು ಅಗ್ಗದ ಕೆಲಸಗಳು ಕಡ್ಡಾಯವಾಗಲಿ.

ಒಂದು, ಪ್ರತಿ ಘಟಕದ ದಾಖಲೆಯಲ್ಲಿ ಟ್ರಾನ್ಸ್‌ಫಾರ್ಮರ್‌ನ ಸಂಖ್ಯೆ, ಅಲ್ಲಿಂದ ಮನೆಗಿರುವ ದೂರ, ಮನೆ ಯಾವ ಫೇಸ್‌ನಲ್ಲಿದೆ ಎಂಬ ಮೂರು ವಿವರಗಳಿರಬೇಕು. ಹೊಸ ಮೀಟರ್ ಕೂರಿಸಲು ಬಂದವರು ಅರ್ಧ ಗಂಟೆಯಲ್ಲಿ ಬರೆದುಕೊಳ್ಳಬಹುದಾದ ಸಂಗತಿ ಇದು. ಹೆಚ್ಚು ಹೊರೆಯಾದ ಫೇಸ್‌ನಿಂದ ಕಡಿಮೆ ಹೊರೆಯದಕ್ಕೆ ಸಂಪರ್ಕ ಬದಲಿಸುವುದು ಒಂದು ಏಣಿ, ಇಬ್ಬರು ನುರಿತ ಕೆಲಸಗಾರರಿಂದ ಆಗುವ ಕೆಲಸ. ಅದರ ಫಲ ಆರು ಪಟ್ಟಿನವರೆಗೂ ಇರಬಹುದೆಂದು ಈಗಾಗಲೇ ನೋಡಿದೆವು.

ಎರಡು, ಟ್ರಾನ್ಸ್‌ಫಾರ್ಮರ್‌ನ ಟ್ಯಾಪ್. ಸಂಜೆಯ ಮಂಕು ದೀಪದ ದೂರಿಗೆ ಉತ್ತರವಾಗಿ ಟ್ಯಾಪ್ ಏರಿಸಿಟ್ಟ ಕಡೆ ನಡುಹಗಲಿನ ವೋಲ್ಟೇಜ್ ಮಿತಿ ಮೀರುವುದು ಸಹಜ. ಬೀದಿಯ ಟ್ರಾನ್ಸ್‌ಫಾರ್ಮರ್‌ಗಳಲ್ಲಿ ಸಾಮಾನ್ಯವಾಗಿ ಟ್ಯಾಪನ್ನು ವಿದ್ಯುತ್ ನಿಲ್ಲಿಸಿಯೇ ಬದಲಿಸಬೇಕಾದ್ದರಿಂದ ದಿನಕ್ಕೆರಡು ಬಾರಿ ತಿರುಗಿಸಲಾಗದು. ಸಂಜೆಯ ಕನಿಷ್ಠ, ಹಗಲಿನ ಗರಿಷ್ಠ ಎರಡನ್ನೂ ಅಳೆದು ನಡುವಿನ ಸ್ಥಾನವನ್ನು ಆರಿಸಬೇಕು.

ಮೂರು, ಇನ್ವರ್ಟರ್‌ಗಳು ಮಿತಿ ಮುಟ್ಟಿದಾಗ ಒಮ್ಮೆಲೇ ನಿಲ್ಲುವುದರ ಬದಲು ವೋಲ್ಟೇಜ್ ಏರಿದಂತೆ ಉತ್ಪಾದನೆಯನ್ನು ಸ್ವಲ್ಪ ಸ್ವಲ್ಪವೇ ತಗ್ಗಿಸುವಂತಿರಲಿ. ಇಂದಿನ ಇನ್ವರ್ಟರ್‌ಗಳಿಗೆ ಇದು ಹೊಸ ವಿದ್ಯೆಯಲ್ಲ. ಹೀಗೆ ಮಾಡಿದರೆ ನಷ್ಟವೂ ಕಡಿಮೆ, ಅದು ಕೊನೆಯ ಮನೆಯೊಂದರ ಮೇಲೆಯೇ ಬೀಳುವುದೂ ತಪ್ಪುತ್ತದೆ.

ನಾಲ್ಕು, ನಮ್ಮ ಪಾಲಿನ ಕೆಲಸ. ಬೆಂಗಳೂರಿನ ಮನೆಮನೆಯಲ್ಲೂ ನೆಲದೊಳಗೆ ಸಂಪು, ಮೇಲೊಂದು ಟ್ಯಾಂಕು, ನಡುವೆ ಒಂದು ಮೋಟಾರು ಇರುತ್ತದೆ. ಅದನ್ನು ಬೆಳಗಿನ ಜಾವದ ಬದಲು ನಡುಹಗಲಿಗೆ ಓಡಿಸಿದರೆ, ಬಟ್ಟೆ ಒಗೆಯುವ ಯಂತ್ರವನ್ನೂ ವಿದ್ಯುತ್ ಸ್ಕೂಟರಿನ ಚಾರ್ಜಿಂಗನ್ನೂ ಆ ಹೊತ್ತಿಗೇ ಇಟ್ಟುಕೊಂಡರೆ, ತಂತಿಯಲ್ಲಿ ಹಿಂದಕ್ಕೆ ಹೋಗಬೇಕಾದ ವಿದ್ಯುತ್ತು ಬೀದಿಯಲ್ಲೇ ಬಳಕೆಯಾಗುತ್ತದೆ. ಫಲಕವಿಲ್ಲದ ಮನೆಯವರು ಹೀಗೆ ಮಾಡಿದರೂ ಫಲಕವಿರುವ ನೆರೆಯವರಿಗೆ ಉಪಕಾರವೇ.

ಜಾಲವನ್ನು ಬಲಪಡಿಸುವ ಹೊಣೆಯನ್ನು ಸರಬರಾಜು ಸಂಸ್ಥೆಗೆ ವಹಿಸಿದ್ದು ತಿದ್ದುಪಡಿಯ ಒಳ್ಳೆಯ ಅಂಶ ಎಂದು ನಾನು ಒಪ್ಪುತ್ತೇನೆ. ಆದರೆ ಎಲ್ಲಿ ಬಲಪಡಿಸಬೇಕೆಂದು ತಿಳಿಯಲು ಮೊದಲು ಅಳೆಯಬೇಕು. ಅಳತೆಯನ್ನೇ ಕೈಬಿಟ್ಟು ಹೊಣೆಯನ್ನು ಉಳಿಸಿಕೊಂಡರೆ, ದೂರು ಬಂದ ಕಡೆ ದಪ್ಪ ತಂತಿ ಹಾಕುವುದು, ದೂರು ಕೊಡಲು ಗೊತ್ತಿಲ್ಲದವರು ನಷ್ಟ ಅನುಭವಿಸುವುದು ಎಂದಾಗುತ್ತದೆ.

ನಮ್ಮ ಬೀದಿಯ ಹಿರಿಯರಿಗೆ ನಾನು ಕೊಟ್ಟ ಸಲಹೆ ಇಷ್ಟೆ: ಇನ್ವರ್ಟರ್‌ನ ಪರದೆಯಲ್ಲಿ ಕಾಣುವ ವೋಲ್ಟೇಜನ್ನು ಒಂದು ವಾರ ಬೆಳಿಗ್ಗೆ ಎಂಟು, ಮಧ್ಯಾಹ್ನ ಹನ್ನೆರಡು, ಸಂಜೆ ಏಳು ಗಂಟೆಗೆ ಬರೆದಿಡಿ, "ನಿಲ್ಲುತ್ತದೆ" ಎಂದು ದೂರುವ ಬದಲು ಆ ಕಾಗದವನ್ನು ಅರ್ಜಿಯ ಜೊತೆ ಲಗತ್ತಿಸಿ, ನಮ್ಮ ಮನೆ ಯಾವ ಫೇಸ್‌ನಲ್ಲಿದೆ, ಅದೇ ಫೇಸ್‌ನಲ್ಲಿ ಇನ್ನೆಷ್ಟು ಸೌರ ಘಟಕಗಳಿವೆ ಎಂದು ಕೇಳಿ. ಛಾವಣಿಯ ಮೇಲೆ ಫಲಕ ಹಾಕಿಸಿರುವ ಓದುಗರೂ ಇದನ್ನು ಮಾಡಿ ನೋಡಬಹುದು. ಆ ಪ್ರಶ್ನೆಗೆ ಕಚೇರಿಯಲ್ಲಿ ಸಿದ್ಧ ಉತ್ತರ ಸಿಗುವ ದಿನ, ಅಧ್ಯಯನವಿಲ್ಲದೆ ಸಂಪರ್ಕ ಕೊಡುವ ನಿಯಮವನ್ನು ನಾನೂ ಸಂಶಯವಿಲ್ಲದೆ ಸ್ವಾಗತಿಸುತ್ತೇನೆ.